ಫೆಬ್ರವರಿ ಮೂವತ್ತು

ರಾತ್ರಿ ಒಂದೂವರೆಗೆ ಲ್ಯಾಪ್‌ಟಾಪ್ ಟಿಣ್ ಎಂದಿತು. ಪಕ್ಕದಲ್ಲಿ ಗಂಡ ಮಗ್ಗುಲು ಬದಲಿಸಿದ. ಅವಳು ಪರದೆಯ ಬೆಳಕಿಗೆ ಅಂಗೈ ಅಡ್ಡ ಹಿಡಿದು ಓದಿದಳು.

ಅವಳ ಆಫೀಸು ಆಸ್ಪತ್ರೆಗಳಿಗೆ ನೋಂದಣಿ ಫಾರಂ ಮಾಡಿಕೊಡುತ್ತಿತ್ತು. ಹೆಸರಿನ ಪೆಟ್ಟಿಗೆ, ದಿನಾಂಕದ ಪೆಟ್ಟಿಗೆ ಎಲ್ಲದರ ಕೋಡೂ ಅಲ್ಲೇ ಬರೆದದ್ದು, ಹೊರಗಿನವರ ಕಣ್ಣಿಗೆ ಬಿದ್ದದ್ದಲ್ಲ. ಈಗ ಹೊರಗಿನವರು ಬರೆದಿಟ್ಟ ಸಿದ್ಧ ಕೋಡ್, ಅಂದರೆ ಲೈಬ್ರರಿಗಳೂ, ಆ ಪೆಟ್ಟಿಗೆಗಳಿಗೆ ಹೊಂದಿಕೊಳ್ಳುವಂತೆ ಮಾಡುವ ಕೆಲಸ ಅವಳ ಪಾಲಿಗೆ ಬಂದಿತ್ತು. ಯಾರೋ ಪುಕ್ಕಟೆ ಬರೆದು ಹಂಚಿದ್ದ ಕ್ಯಾಲೆಂಡರೊಂದನ್ನು ಜೋಡಿಸಿದರೆ, ಆರಿಸಿದ ತಾರೀಕು ಅರೆಕ್ಷಣ ಕಂಡು ಅಳಿಸಿಹೋಗುತ್ತಿತ್ತು. ಅಷ್ಟನ್ನು ಮಾತ್ರ ತಿಳಿಸಿ, ಹೆಸರು ಹಾಕಿಕೊಳ್ಳದ ಆ ಲೇಖಕನಿಗೆ ಬರೆದಿದ್ದಳು.

ಉತ್ತರ ಚುಟುಕಾಗಿತ್ತು. "ನಿಮ್ಮ ಪೆಟ್ಟಿಗೆ ಮುಚ್ಚುವಾಗ ಎರಡು ಸಲ ಸುದ್ದಿ ಕಳಿಸುತ್ತದೆ. ಎರಡನೆಯದು ಖಾಲಿ. ಅದನ್ನು ಬಿಟ್ಟುಬಿಡಿ."

ಹಾಗೇ ಮಾಡಿದಳು. ತಾರೀಕು ಅಲ್ಲಾಡದೆ ಕೂತಿತು. ಆದರೆ ಎರಡು ಸಲದ ಸಂಗತಿ ಅವಳಿಗೇ ಗೊತ್ತಿರಲಿಲ್ಲ. ಒಳಗಿನ ಕೋಡ್ ನೋಡದವರಿಗೆ ಹೇಗೆ ಗೊತ್ತಾಯಿತು?

"ಯಾರೋ ನಮ್ಮ ಕೋಡ್ ಕದ್ದಿದ್ದಾರೆ ಕಣ್ರೀ."

"ನೀನು ಹಾಲು ಕಂಡ್ರೂ ಸುಣ್ಣ ಅಂತೀಯ. ಮಲ್ಕೊಳ್ಳೇ," ಎಂದ ಗಂಡ, ಕಣ್ಣು ಬಿಡದೆ.

ಮಲಗಲಿಲ್ಲ. ಕ್ಯಾಲೆಂಡರಿನ ಕಡತಗಳನ್ನೆಲ್ಲ ಜಾಲಾಡಿದಳು. ಕದ್ದದ್ದೇನೂ ಸಿಗಲಿಲ್ಲ. ಕೊನೆಯ ಕಡತದಲ್ಲಿ, ಪರೀಕ್ಷೆಗೆಂದು ತುಂಬಿದ ಒಂದು ಮಾದರಿ ಇತ್ತು: ಹೆಸರು 'ಕೊಡೆ', ವಯಸ್ಸು ಇನ್ನೂರ ಎಂಟು, ಹುಟ್ಟಿದ್ದು ಫೆಬ್ರವರಿ ಮೂವತ್ತು.

ಈ ಕೊಡೆಯನ್ನು ಅವಳು ಬಲ್ಲಳು. ಆಫೀಸಿನ ಪೆಟ್ಟಿಗೆಗಳನ್ನೆಲ್ಲ ಬರೆದ ಹಿರಿಯರು, ಬೆನ್ನ ಹಿಂದೆ ಎಲ್ಲರೂ ಅಜ್ಜ ಎನ್ನುತ್ತಿದ್ದವರು, ಯಾವ ಫಾರಂ ಕೊಟ್ಟರೂ ಮೊದಲು ತುಂಬುತ್ತಿದ್ದದ್ದು ಇದನ್ನೇ. "ನನ್ನ ಬಡ್ತಿನೂ ಅವತ್ತೇ," ಎಂದು ನಗುತ್ತಿದ್ದರು. ಹೊರಗಿನ ಲೈಬ್ರರಿ ಬೇಡವೇ ಬೇಡ ಎಂದು ಮೀಟಿಂಗಿನಲ್ಲಿ ಮೇಜು ಕುಟ್ಟಿದವರೂ ಅವರೇ. ಏಕೆಂದು ಈಗ ಹೊಳೆಯಿತು. ಕೆಲಸದಲ್ಲಿದ್ದುಕೊಂಡು ಹೊರಗೆ ಕೋಡ್ ಬರೆದ ಒಬ್ಬನನ್ನು ಹೋದ ವರ್ಷ ಆಫೀಸಿನವರು ಊಟದ ಡಬ್ಬಿ ಬಿಚ್ಚುವ ಮೊದಲೇ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ಅಜ್ಜನ ನಿವೃತ್ತಿಗೆ ಇನ್ನೂ ಹದಿನಾಲ್ಕು ತಿಂಗಳಿತ್ತು.

ಬೆಳಿಗ್ಗೆ ಆಫೀಸಿನಲ್ಲಿ ಅವರು ನೀರಿನ ಬಾಟಲಿ ತುಂಬಿಸುತ್ತಿದ್ದರು.

"ಏನಮ್ಮಾ, ಕಣ್ಣು ಕೆಂಪಗಿದೆ?"

"ನಿದ್ದೆ ಬರ್ಲಿಲ್ಲ ಸಾರ್. ನಿಮಗೆ ಬಂತಾ?"

"ವಯಸ್ಸಾದೋರಿಗೆ ಎಲ್ಲೀ ನಿದ್ದೆ." ಬಾಟಲಿ ತುಂಬಿ ನೀರು ಕೈಮೇಲೆ ಹರಿಯಿತು. "ಅದು... ಸರಿಹೋಯ್ತಾ?"

ಯಾವುದು ಎಂದು ಅವಳು ಕೇಳಲಿಲ್ಲ. ಸಹಾಯ ಮಾಡಿದರೋ, ತನ್ನನ್ನೂ ಪಾಲುದಾರಳನ್ನಾಗಿ ಮಾಡಿಕೊಂಡರೋ ತಿಳಿಯಲಿಲ್ಲ. ತಲೆಯಾಡಿಸಿದಳು.

ಮಧ್ಯಾಹ್ನ ಮ್ಯಾನೇಜರ್ ಹೊರಗಿನ ಕೋಡ್ ಬಳಸಲು ಬೇಕಾದ ಒಪ್ಪಿಗೆ ಪತ್ರ ತಂದು ಮೇಜಿನ ಮೇಲಿಟ್ಟ.

"ಈ ಕ್ಯಾಲೆಂಡರ್ ಬರೆದಿರೋದು ಯಾರು ಅಂತ ಗೊತ್ತೇನ್ರೀ? ಗೊತ್ತಿದ್ರೆ ಹೆಸರು ಹಾಕಿ. ಆಮೇಲೆ ಸುಳ್ಳು ಅಂತ ಗೊತ್ತಾದ್ರೆ ನಿಮ್ಮ ಬುಡಕ್ಕೇ ಬರುತ್ತೆ."

ಎದುರು ಸಾಲಿನಲ್ಲಿ ಅಜ್ಜ ಬೆನ್ನು ತಿರುಗಿಸಿ ಕನ್ನಡಕ ಒರೆಸುತ್ತಿದ್ದರು. ಎಷ್ಟು ಒರೆಸಿದರೂ ಮುಗಿಯುತ್ತಿರಲಿಲ್ಲ.

ಅವಳು 'ಗೊತ್ತಿಲ್ಲ' ಎಂದು ಬರೆದು ಸಹಿ ಹಾಕಿದಳು.

ರಾತ್ರಿ ಗಂಡ ದಿಂಬು ಸರಿಮಾಡಿಕೊಳ್ಳುತ್ತ ಕೇಳಿದ, "ಸಿಕ್ಕಿದ್ನಾ ನಿನ್ನ ಕಳ್ಳ?"

"ಕಳ್ಳನೂ ಇಲ್ಲ, ಸುಳ್ಳನೂ ಇಲ್ಲ. ಸುಣ್ಣ ಅಂದ್ಕೊಂಡಿದ್ದೆ."

ಅವನು ಗೆದ್ದವನಂತೆ ನಕ್ಕ. ಅವಳು ಲ್ಯಾಪ್‌ಟಾಪಿನ ಸದ್ದು ನಿಲ್ಲಿಸಿ, ಮುಚ್ಚಳ ಮೆಲ್ಲಗೆ ಮುಚ್ಚಿದಳು.