ನನ್ನ ಗಡಿಯಾರ ಓಡಿದ ಹತ್ತು ದಿನ

ನನ್ನ ಬಲಗಾಲಿನ ಮೀನಖಂಡ ಹಿಡಿದುಕೊಂಡದ್ದು ಎಂಬತ್ತೊಂಬತ್ತನೆಯ ದಿನ. ನಮ್ಮ ಓಟಗಾರರ ಬಳಗದ ಪಂದ್ಯ ಸರಳ: ನೂರು ದಿನ, ದಿನಕ್ಕೆ ಮೂರು ಕಿಲೋಮೀಟರು, ಒಂದು ದಿನವೂ ತಪ್ಪಬಾರದು. ಓಡಿದ್ದನ್ನು ಕೈಗಡಿಯಾರವೇ ಎಲ್ಲರ ಫೋನಿಗೂ ಕಳಿಸುತ್ತದೆ. ನನ್ನ ಷಡ್ಡಕ ಅರವತ್ತೊಂದಕ್ಕೇ ನೆಗಡಿ ಎಂದು ಕೈಬಿಟ್ಟಿದ್ದ. ಮದುವೆಯಾದಂದಿನಿಂದ ಆ ಮಹಾನುಭಾವನೆದುರು ನಾನು ಗೆಲ್ಲಬಹುದಾಗಿದ್ದ ಒಂದೇ ಒಂದು ಪಂದ್ಯ ಇದು. ಬಿಟ್ಟೇನೆ?

ಫಿಸಿಯೋಥೆರಪಿಸ್ಟ್ ಹೆಣ್ಣುಮಗಳು ನನ್ನನ್ನು ಬೋರಲು ಮಲಗಿಸಿ, ಎಣ್ಣೆ ಸವರಿ, ಹಿಮ್ಮಡಿಯಿಂದ ಮಂಡಿಯ ಕಡೆಗೆ ಹೆಬ್ಬೆರಳನ್ನು ನಿಧಾನವಾಗಿ ತಳ್ಳಿದಳು. ನಡುವೆ ಒಂದು ಗಂಟು ಸಿಕ್ಕಿತು. ಅಲ್ಲೇ ಒತ್ತಿ ಹಿಡಿದಳು. ನನಗೆ ಪ್ರಾಣ ಹೋಗಿ ಬಂತು.

"ಹತ್ತಕ್ಕೆ ಎಷ್ಟು ನೋವು ಸರ್?"

"ಎರಡು."

"ಕಚ್ಕೊಂಡಿರೋ ದಿಂಬು ಬಿಟ್ಟು ಹೇಳಿ."

"ಎಂಟು."

"ಹತ್ತು ದಿನ ಓಡೋ ಹಾಗಿಲ್ಲ. ದಿನಾ ಮನೇಲಿ ಹೀಗೇ ಒತ್ತಿಸ್ಕೊಳ್ಳಿ," ಎಂದವಳು, ಜೊತೆಗಿದ್ದ ನನ್ನ ಹೆಂಡತಿಯ ಹೆಬ್ಬೆರಳನ್ನೇ ಹಿಡಿದು ಕಲಿಸಿಕೊಟ್ಟಳು. ಹೆಂಡತಿ ಬಹಳ ಬೇಗ ಕಲಿತಳು. ಅವಳ ಆ ಉತ್ಸಾಹ ನನಗೇನೂ ಹಿಡಿಸಲಿಲ್ಲ.

ಮನೆಗೆ ಬಂದವನೇ ಗಡಿಯಾರ ಬಿಚ್ಚಿ ಅವಳ ಕೈಗೆ ಕಟ್ಟಿದೆ.

"ಹೇಗೂ ಬೆಳಗ್ಗೆ ವಾಕಿಂಗ್ ಹೋಗ್ತೀಯಲ್ಲ. ಇದನ್ನ ಕಟ್ಕೊಂಡು ಸ್ವಲ್ಪ ಬೇಗ ಹೆಜ್ಜೆ ಹಾಕು, ಸಾಕು."

"ಮೋಸ ಅಲ್ವೇನ್ರೀ?"

"ಗಡಿಯಾರ ನಂದೇ ತಾನೆ?"

ಮೊದಲ ದಿನ ಮೂವತ್ತೈದು ನಿಮಿಷ. ನೋವಿದ್ದರೂ ಛಲ ಬಿಡಲಿಲ್ಲ ಎಂದು ಬಳಗ ಹೊಗಳಿತು. ನಾನು ಸೋಫಾದಲ್ಲಿ ಕಾಲು ಚಾಚಿಕೊಂಡೇ ವಿನಯದಿಂದ ಉತ್ತರ ಬರೆದೆ. ನಾಲ್ಕನೆಯ ದಿನ ಇಪ್ಪತ್ತಾರು. "ನಡೆದು ನಡೆದು ಬೇಜಾರಾಯ್ತು, ಓಡಿಬಿಟ್ಟೆ," ಅಂದಳು. ಒಂಬತ್ತನೆಯ ದಿನ ಇಪ್ಪತ್ತೊಂದು! ನನ್ನ ಜನ್ಮದಲ್ಲಿ ನಾನು ಇಪ್ಪತ್ನಾಲ್ಕಕ್ಕಿಂತ ಕೆಳಗಿಳಿದವನಲ್ಲ. ಷಡ್ಡಕ ಫೋನು ಮಾಡಿ ಆ ಫಿಸಿಯೋ ವಿಳಾಸ ಕೇಳಿದ. ಕೊಡುವಾಗ ಆದ ಸಂತೋಷ ಅಷ್ಟಿಷ್ಟಲ್ಲ.

ನೂರನೆಯ ದಿನ ಪಾರ್ಕಿನಲ್ಲಿ ಇಡೀ ಬಳಗ ಕಾದಿತ್ತು. ನೋವು ಪೂರ್ತಿ ಹೋಗಿತ್ತು. ಗಡಿಯಾರ ಕಟ್ಟಿಕೊಂಡು, ಉಸಿರು ಬಿಗಿಹಿಡಿದು, ಕೈಲಾದಷ್ಟೂ ಓಡಿದೆ. ಇಪ್ಪತ್ತೈದು ನಿಮಿಷ.

"ಏನ್ರೀ ಇದು, ಮತ್ತೆ ಕಾಲು ಹಿಡ್ಕೊಳ್ತಾ?" ಎಂದ ಷಡ್ಡಕ.

"ಹೂಂ," ಎಂದು ಕುಂಟಿದೆ. ಹೆಂಡತಿ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು: "ಆ ಕಾಲಲ್ಲ ರೀ, ಬಲಗಾಲು." ಕಾಲು ಬದಲಿಸಿ ಕುಂಟಿದೆ. ಹಾಗೇ ಕುಂಟುತ್ತಲೇ ಗೆದ್ದವನ ಫೋಟೋಗೆ ನಿಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು. ನನಗೆ ನಾಚಿಕೆಯಾಯಿತು.

ಮನೆಗೆ ಬಂದ ಮೇಲೆ ಅವಳು ಮಂಚದ ಮೇಲೆ ಬೋರಲಾದಳು. "ಸ್ವಲ್ಪ ಒತ್ತುತ್ತೀರಾ? ನಾಲ್ಕು ದಿನದಿಂದ ಹಿಡ್ಕೊಂಡಿದೆ."

ಹಿಮ್ಮಡಿಯಿಂದ ಮೇಲಕ್ಕೆ ಹೆಬ್ಬೆರಳು ತಳ್ಳಿದೆ. ನನಗಿದ್ದದ್ದಕ್ಕಿಂತ ದೊಡ್ಡ ಗಂಟು ಸಿಕ್ಕಿತು. ಈ ಕಾಲಿಟ್ಟುಕೊಂಡು ಓಡಿಬಂದು ದಿನವೂ ನನ್ನ ಕಾಲು ಒತ್ತಿದ್ದಾಳೆ. ನಾನು ಕೇಳಿದ್ದು ಎಷ್ಟು ನಿಮಿಷ ಎಂದು ಮಾತ್ರ.

"ಹತ್ತಕ್ಕೆ ಎಷ್ಟು ನೋವು?"

ಅವಳು ದಿಂಬಿನಿಂದ ಮುಖ ಎತ್ತಲಿಲ್ಲ. "ಎರಡು," ಅಂದಳು.