ಕಪಾಟಿನೊಳಗೆ ರಿಂಗಾದ ಫೋನು

ಋತ್ವಿಕನ ಮನೆಯಲ್ಲಿ ನಾವು ಚಹಾದ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಬಟ್ಟೆಯ ಕಪಾಟು ರಿಂಗಾಯಿತು.

ನಾನು ಸುಪ್ರೀತಾ ಮೇಡಂ ಮುಖ ನೋಡಿದೆ. ಅವರು ಕಪಾಟಿನ ಮುಖ ನೋಡಿದರು. ಋತ್ವಿಕ್ ಯಾರ ಮುಖವನ್ನೂ ನೋಡಲಿಲ್ಲ. ಸೋಫಾದ ಮೂಲೆಯಲ್ಲಿ ಕಾಲು ಮಡಚಿ ಕುಳಿತು, ನಾವೇ ಕೊಟ್ಟಿದ್ದ ಹೊಸ ಗೇಮಿಂಗ್ ಫೋನಿನಲ್ಲಿ ಯಾರನ್ನೋ ಅಟ್ಟಿಸಿಕೊಂಡು ಓಡುತ್ತಿದ್ದ. ಆಡುವುದು ಹೇಗೆಂದು ತೋರಿಸು ಎಂದಿದ್ದೆವು, ತೋರಿಸುತ್ತಿದ್ದ.

"ಋತ್ವೀ, ನಿನ್ನ ಫೋನು ಹೊಡ್ಕೊಳ್ತಾ ಉಂಟು ಮಾರಾಯ!" ಅಡುಗೆಮನೆಯಿಂದ ಅವನ ತಾಯಿ ದಾಕ್ಷಾಯಣಿಯವರ ದನಿ ಬಂತು. ಕಾಸರಗೋಡಿನ ಕಡೆಯವರು. ಮಗ ಮಲಯಾಳದಲ್ಲೇ ಬೆಳೆದವನು.

"ಅವಿಡೆ ಇರಿಕ್ಕಟ್ಟೆ ಅಮ್ಮಾ," ಎಂದ ಅವನು. ಇರಲಿ ಬಿಡು ಎಂಬ ಧಾಟಿ.

"ಅಮ್ಮಾ, ಅವನ ಕೈಯಲ್ಲಿರೋದೇ ಫೋನಲ್ವಾ?" ಎಂದು ನಾನು ಕೇಳಿದೆ.

ಅವರು ಬಾಳೆಕಾಯಿ ಚಿಪ್ಸಿನ ತಟ್ಟೆ ಹಿಡಿದು ಹೊರಬಂದರು. "ಅದೆಂತ ಫೋನು ಮಾರ್ರೆ? ಅದು ಆಟದ ಸಾಮಾನು. ಫೋನು ಕಪಾಟಿನಲ್ಲಿ ಉಂಟು. ಬೀಗ ಹಾಕಿ ಇಡ್ತಾನೆ."

ಸುಪ್ರೀತಾ ಮೇಡಂ ಕೈಯ ಲೋಟ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು.

ನಿಲ್ಲಲು ಕಾರಣವಿತ್ತು. ಟಿವಿಗೆ ಜೋಡಿಸಿ ಆಡುವ ಗೇಮ್ ಪೆಟ್ಟಿಗೆಗಳನ್ನು ಮಾಡಿ ಹೆಸರಾದ ಒರಿಬಾ ಎಂಬ ವಿದೇಶಿ ಕಂಪನಿಗೆ, ಆಟಗಾರರಿಗೆಂದೇ ಒಂದು ಫೋನು ಮಾಡುವ ಮನಸ್ಸಾಗಿತ್ತು. ಒಳಗೆ ಪುಟಾಣಿ ಫ್ಯಾನು, ಎರಡು ಭುಜಗಳಲ್ಲಿ ಎರಡು ಗುಂಡಿ, ಬೆನ್ನಲ್ಲಿ ಉಸಿರಾಡುವಂತೆ ಮಿನುಗುವ ನೀಲಿ ಬೆಳಕು, ಒಳ್ಳೆಯ ಫೋನೊಂದರಷ್ಟೇ ಬೆಲೆ. ಇದು ಗೆಲ್ಲುತ್ತದೆಯೇ? ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಕೊಚ್ಚಿಯ ಪಾಲಾರಿವಟ್ಟಂನಲ್ಲಿ, ಸೀರೆ ಅಂಗಡಿಯೊಂದರ ಮೇಲಿರುವ, ಹೊಸ ಆಟದ ಸಾಮಾನುಗಳನ್ನು ಜನರ ಕೈಲಿ ಆಡಿಸಿ ನೋಡುವ ನಮ್ಮ ಲ್ಯಾಬಿಗೆ ಬಂದಿತ್ತು. ಧಾರವಾಡದ ಸುಪ್ರೀತಾ ಮೇಡಂ ಒಂದು ಕುರ್ಚಿ, ಒಂದು ಟಿವಿ ಇಟ್ಟುಕೊಂಡು ಕಟ್ಟಿದ ಲ್ಯಾಬು ಅದು. ಈಗ ಹನ್ನೊಂದು ಮಂದಿಯ ಅನ್ನ. ಗೆಲ್ಲುತ್ತದೆ ಎಂದಾದರೆ ಒರಿಬಾದ ಕೆಲಸ ಇನ್ನೆರಡು ವರ್ಷ ನಮ್ಮದು. ಗೆಲ್ಲುವುದಿಲ್ಲ ಎಂದಾದರೆ ತಿಂಗಳ ಕೊನೆಗೆ ಬಾಗಿಲು ಮುಚ್ಚಬೇಕು. ಬೇರೆ ಗಿರಾಕಿಯೇ ಇರಲಿಲ್ಲ.

ಉತ್ತರ ಸಿದ್ಧವಿತ್ತು. ಲ್ಯಾಬಿಗೆ ಬಂದು ಆಡಿದವರಲ್ಲಿ ನೂರಕ್ಕೆ ತೊಂಬತ್ತೆರಡು ಮಂದಿ ಮೆಚ್ಚಿದ್ದರು. ತುಂಬಾ ಮೆಚ್ಚಿದ ಆರು ಜನರ ಮನೆಗೆ ಒಂದೊಂದು ಫೋನು ಕೊಟ್ಟು ಕಳಿಸಿದ್ದೆವು. ಎಷ್ಟು ಹೊತ್ತು ಆಡಿದರೆಂದು ಫೋನು ಮನೆಯ ವೈಫೈ ಹಿಡಿದು ತಾನೇ ಲ್ಯಾಬಿಗೆ ವರದಿ ಒಪ್ಪಿಸುತ್ತಿತ್ತು. ಆ ಲೆಕ್ಕ ನೋಡಿ ನಾವು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡಿದ್ದೆವು. ಮರುದಿನ ಬೆಳಿಗ್ಗೆ ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ, ಒರಿಬಾದ ಫೋನ್ ವಿಭಾಗದ ಭಾರತದ ಮುಖ್ಯಸ್ಥ ಸ್ಕಂದ ಅವರ ಮುಂದೆ ಮಂಗಳ ಹಾಡುವುದಷ್ಟೇ ಬಾಕಿ. ಅವರು ಒಂದೇ ಒಂದು ಹೆಚ್ಚುವರಿ ಕೇಳಿದ್ದರು: "ಒಂದು ಮನೆ ಕಥೆ ಇರ್ಲಿ. ಹ್ಯಾಪಿ ಫ್ಯಾನು, ಹ್ಯಾಪಿ ಫ್ಯಾಮಿಲಿ." ಆ ಆರರಲ್ಲೊಬ್ಬನಾದ ಋತ್ವಿಕ್ ಕೊಚ್ಚಿಯಲ್ಲಿದ್ದಾಗ ನಮ್ಮ ಪರೀಕ್ಷೆಯ ಪ್ರತಿ ಸುತ್ತಿಗೂ ಬಂದವನು. ಕೆಲಸ ಬದಲಿಸಿ ಟೆಕ್ನೋಪಾರ್ಕಿನ ಪಕ್ಕದ ಕಳಕ್ಕೂಟ್ಟಂಗೆ ಬಂದಿದ್ದ. ರೈಲಿಳಿದವರೇ ಅವನ ಫ್ಲ್ಯಾಟಿಗೆ ಬಂದಿದ್ದೆವು.

ನನ್ನ ಕೆಲಸವನ್ನೂ ಹೇಳಬೇಕು. ಇನ್ನೂ ಮಾರುಕಟ್ಟೆಗೆ ಬಾರದ ಫೋನು ಗುಟ್ಟಾಗಿರಬೇಕೆಂದು ಲ್ಯಾಬಿನಲ್ಲಿ ಕ್ಯಾಮೆರಾ, ರೆಕಾರ್ಡಿಂಗ್ ಎಲ್ಲಾ ನಿಷಿದ್ಧ. ಹಾಗಾಗಿ ಆಡುವವರು ಏನೆಂದರು, ಹೇಗೆಂದರು, ಯಾವಾಗ ಹುಬ್ಬು ಹಾರಿಸಿದರು ಎಂಬುದನ್ನು ನಾನು ನೋಡಿಕೊಂಡು ಗಿರಾಕಿಯ ಮುಂದೆ ಅಭಿನಯಿಸಿ ತೋರಿಸಬೇಕು. ಮೈಸೂರಿನ ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ಸಸ್ಪೆಂಡ್ ಆದ ವಿದ್ಯೆಗೆ ಇಲ್ಲಿ ಸಂಬಳ. "ಮಾತೂ ಆಡಿ, ಆಟವೂ ಆಡಿ" ಎಂಬ ಘೋಷವಾಕ್ಯವೂ ನನ್ನದೇ. ಸ್ಕಂದ ಅದನ್ನು ಪೋಸ್ಟರಿಗೇ ಹಾಕಿಸುತ್ತೇನೆ ಎಂದಿದ್ದರು.

ಸುಪ್ರೀತಾ ಮೇಡಂ ಲೋಟ ಕೆಳಗಿಟ್ಟರು. "ಋತ್ವಿಕ್, ಇದರಾಗ ನಿನ್ನ ಸಿಮ್ ಇಲ್ಲೇನು?"

"ಸಿಮ್ಮಾ?" ಅವನು ಆಟ ನಿಲ್ಲಿಸಿದ. ಪ್ರೆಶರ್ ಕುಕ್ಕರಿಗೆ ಸಿಮ್ ಹಾಕಿದ್ದೀಯಾ ಎಂದು ಕೇಳಿದಂತಿತ್ತು ಅವನ ಮುಖ.

ಮೇಡಂ ಫೋನು ಇಸಿದುಕೊಂಡು, ಕಿವಿಯ ಓಲೆ ಬಿಚ್ಚಿ, ಅದರ ಮೊನೆಯಿಂದ ಸಿಮ್ಮಿನ ತಟ್ಟೆಯನ್ನು ಹೊರಗೆಳೆದರು. ಕಾರ್ಖಾನೆಯಲ್ಲಿ ಅಂಟಿಸಿದ್ದ ಪ್ಲಾಸ್ಟಿಕ್ಕಿನ ತೆಳ್ಳನೆ ಹಾಳೆ ಹಾಗೇ ಇತ್ತು. ಒಂದು ಬೆರಳ ಗುರುತೂ ಇಲ್ಲ.

"ಸಿಮ್ಮೇ ಇಲ್ಲದ ಸಿಂಹ," ಎಂದುಬಿಟ್ಟೆ.

"ಗುರು, ಬಾಯಿ ಮುಚ್ಚಪಾ."

ಮುಚ್ಚಿದೆ. ಅವರು ಓಲೆ ಮತ್ತೆ ಹಾಕಿಕೊಳ್ಳಲು ನೋಡಿದರು. ಅದು ಕಿವಿಗೆ ಹೋಗಲು ಒಪ್ಪದೆ ಪರ್ಸಿಗೆ ಹೋಯಿತು.

"ಯಾಕ ಹಾಕ್ಲಿಲ್ಲ?"

"ಹಾಕ್ಬೇಕಿತ್ತಾ ಚೇಚೀ?" ಮೇಡಂರನ್ನು ಮಲಯಾಳದಲ್ಲಿ ಅಕ್ಕ ಎಂದೇ ಕರೆಯುತ್ತಿದ್ದ ಋತ್ವಿಕ್ ನಿಜವಾಗಿಯೂ ಗಾಬರಿಯಾದ. "ಲ್ಯಾಬಲ್ಲಿ ಹೇಗೆ ಮಾಡಿಸ್ತಿದ್ರೋ ಹಾಗೇ ಮಾಡ್ತಿದ್ದೀನಿ. ಮೊದಲು ನಮ್ಮ ಫೋನು ಲಾಕರಲ್ಲಿ, ಬೀಗ, ಆಮೇಲೆ ಕೈಗೆ ಇದು. ಅದೇ ಅಲ್ವಾ ಇದರ ಸುಖ? ಮ್ಯಾನೇಜರ್ ಇಲ್ಲ, ಬ್ಯಾಂಕಿನವರಿಲ್ಲ, ಲೋನ್ ಬೇಕಾ ಅಂತ ಕೇಳೋರಿಲ್ಲ, ಅಮ್ಮ ಇಲ್ಲ."

"ಕೇಳಿದ್ರಾ?" ದಾಕ್ಷಾಯಣಿಯವರಿಗೆ ಸಾಕ್ಷಿಗಳು ಸಿಕ್ಕಿದ ಖುಷಿ. "ಮೊನ್ನೆ ನಾನು ತರಕಾರಿ ತಂದು ಬಾಗಿಲ ಹೊರಗೆ ನಿಂತದ್ದು. ಕಾಲಿಂಗ್ ಬೆಲ್ ಹಾಳಾಗಿ ಉಂಟು. ಫೋನ್ ಮಾಡ್ತೇನೆ, ಮಾಡ್ತೇನೆ, ನನಗೇ ಕೇಳ್ತದೆ ಒಳಗೆ ಕಪಾಟು ಹೊಡ್ಕೊಳ್ಳುವುದು! ಇವನಿಗೆ ಕೇಳುವುದಿಲ್ಲ. ಕಡೆಗೆ ಎದುರು ಮನೆಯವರು ನನಗೆ ಊಟವೇ ಹಾಕಿದ್ರು ಮಾರ್ರೆ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಲ್ಯಾಬಿನ ಬಾಗಿಲು ಕಣ್ಣ ಮುಂದೆ ಬಂತು. ಟಿವಿ ಪೆಟ್ಟಿಗೆಗಳನ್ನು ಪರೀಕ್ಷಿಸುತ್ತಿದ್ದ ಕಾಲದಲ್ಲಿ ಒರಿಬಾ ಒಂದು ನಿಯಮ ಮಾಡಿತ್ತು: ಯಾರೂ ಗುಟ್ಟಾಗಿ ಫೋಟೋ ತೆಗೆಯಬಾರದು, ಎಲ್ಲರ ಫೋನೂ ಬಾಗಿಲಲ್ಲೇ ಲಾಕರಿಗೆ ಹೋಗಬೇಕು. ಪೆಟ್ಟಿಗೆ ಹೋಗಿ ಫೋನು ಬಂದರೂ ನಿಯಮ ಹೋಗಲಿಲ್ಲ. ಬದಲಿಸಬೇಕೆಂದು ಒರಿಬಾಕ್ಕೂ ಹೊಳೆಯಲಿಲ್ಲ, ಹನ್ನೊಂದು ಜನ ಓದಿದವರಾದ ನಮಗೂ ಹೊಳೆಯಲಿಲ್ಲ. ಯಾವ ಫೋನೂ ಬರಬಾರದ ಕೋಣೆಯಲ್ಲಿ ಕುಳಿತು ನಾವು ಫೋನನ್ನು ಪರೀಕ್ಷಿಸಿದ್ದೆವು. ಅಲ್ಲಿ ಯಾರಿಗೂ ಕರೆ ಬರಲಿಲ್ಲ, ಬ್ಯಾಂಕಿನ ಒಟಿಪಿ ಬರಲಿಲ್ಲ, ಯಾರೂ ಚಹಾದಂಗಡಿಯಲ್ಲಿ ದುಡ್ಡು ಕಳಿಸಬೇಕಾಗಲಿಲ್ಲ. ತೊಂಬತ್ತೆರಡು ಮಂದಿ ಮೆಚ್ಚಿದ್ದು ಫೋನನ್ನಲ್ಲ. ಫೋನಿಲ್ಲದ ಒಂದು ಗಂಟೆಯನ್ನು.

"ಸರಿ, ಈಗ ಸಿಮ್ ಹಾಕ್ಕೊಂಡು ನೋಡ್ತೀಯೇನು?" ಮೇಡಂ ಮೆತ್ತಗೆ ಕೇಳಿದರು. "ಇದ ನಿನ್ನ ಫೋನ್ ಅಂದ್ರ?"

"ಅಯ್ಯೋ, ಬೇಡ! ಆಡ್ತಾ ಆಡ್ತಾ ಚಾರ್ಜ್ ಮುಗಿದ್ರೆ ಆಟೋದವನಿಗೆ ದುಡ್ಡು ಹೇಗೆ ಕೊಡಲಿ? ಮೀಟಿಂಗಲ್ಲಿ ಮೇಜಿನ ಮೇಲೆ ಇದನ್ನಿಟ್ರೆ, ಈ ನೀಲಿ ಲೈಟು, ಈ ಗುಂಡಿ... ಮ್ಯಾನೇಜರ್ ಏನಂದ್ಕೋಬೇಕು?"

"ಕೊಳ್ತೀನಿ ಅಂದಿದ್ದೆಲ್ಲಪಾ."

"ಕೊಳ್ತೀನಿ! ಎಷ್ಟು ಚೇಚೀ?"

ಮೇಡಂ ಬೆಲೆ ಹೇಳಿದರು. ಋತ್ವಿಕ್ ತಾಯಿಯತ್ತ ನೋಡಿದ, ತಾಯಿ ದೇವರ ಪಟದತ್ತ ನೋಡಿದರು.

"ಅಷ್ಟು ಕೊಟ್ರೆ ಫೋನೇ ಬರುತ್ತಲ್ವಾ?" ಎಂದ ಅವನು.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೇ ಮೇಡಂ ಉಳಿದ ಐದು ಮನೆಗಳಿಗೆ ಕರೆ ಮಾಡಿದರು. ಸ್ಪೀಕರಿನಲ್ಲಿ ಹಾಕಿದ್ದರು. ಪ್ರತಿ ಕರೆಗೂ ನನ್ನ ಎದೆ ಒಂದೊಂದು ಮಹಡಿ ಕೆಳಗಿಳಿಯಿತು. ಸಿಮ್ ಹಾಕಿದವರು ಒಬ್ಬರೂ ಇರಲಿಲ್ಲ. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಹಡಗು ಕಂಪನಿಯಲ್ಲಿ ಕೆಲಸ ಮಾಡುವ ಇರ್ಫಾನ್ ಹೆಮ್ಮೆಯಿಂದಲೇ ಹೇಳಿದ: "ಆಡೋಕೆ ಕೂತಾಗ ನನ್ನ ಫೋನನ್ನ ಅಕ್ಕಿ ಡಬ್ಬಿಯಲ್ಲಿ ಇಡ್ತೀನಿ ಮೇಡಂ. ನಿಮ್ಮ ಲಾಕರ್ ಥರಾನೇ, ಸದ್ದೂ ಬರಲ್ಲ."

ಫೋನು ಕೆಳಗಿಟ್ಟು ಮೇಡಂ ಗೋಡೆಗೆ ಒರಗಿದರು. ಸೀರೆಯ ಸೆರಗು ಮೆಟ್ಟಿಲ ಧೂಳಿನಲ್ಲಿ ಬಿದ್ದಿದ್ದರೂ ಎತ್ತಿಕೊಳ್ಳಲಿಲ್ಲ.

"ಮೇಡಂ," ಎಂದೆ, "ಸ್ಕಂದ ಸರ್ ಕೇಳಿದ್ದು ಒಂದು ಮನೆ ಕಥೆ. ಹುಡುಗ ಆಡ್ತಾನೆ, ನಗ್ತಾನೆ. ಅಮ್ಮ ಚಿಪ್ಸ್ ಕೊಡ್ತಾರೆ. ಅಷ್ಟು ತೋರಿಸಿದ್ರೆ ಸುಳ್ಳೇನಾಗಲ್ಲ."

"ಕಪಾಟ ಬಿಟ್ಟು ತೋರಸೂದು. ಹೌದಲ್ಲೋ?"

"ಹನ್ನೊಂದು ಜನ ಇದ್ದೀವಿ ಮೇಡಂ."

"ನನಗೆ ಎಣಿಸಾಕ ಬರ್ತೈತಿ, ಗುರು." ಸೆರಗು ಕೊಡವಿಕೊಂಡು ಎದ್ದು ಲಾಡ್ಜಿಗೆ ಆಟೋ ಕರೆದರು.

ಬೆಳಿಗ್ಗೆ ಟೆಕ್ನೋಪಾರ್ಕಿನ ಮೀಟಿಂಗ್ ಕೋಣೆಯಲ್ಲಿ ಸ್ಕಂದ ಅವರು ಮೊದಲೇ ಬಂದು ಕುಳಿತಿದ್ದರು. ಬೆಂಗಳೂರಿನ ಜಯನಗರದವರು, ನನ್ನ ಮಿಮಿಕ್ರಿಯ ಮೊದಲ ಅಭಿಮಾನಿ. ಅವರ ಎದುರು ಮೇಜಿನ ಮೇಲೆ ಒರಿಬಾ ಫೋನು ನೀಲಿಯಾಗಿ ಉಸಿರಾಡುತ್ತಿತ್ತು.

"ಬಾರಪ್ಪ ಗುರು! ಹೆಡ್ ಆಫೀಸು ಇನ್ನೊಂದ್ ಸ್ವಲ್ಪ ಹೊತ್ತಲ್ಲಿ ವೀಡಿಯೋಲಿ ಬರ್ತಾರೆ. ಅಷ್ಟರಲ್ಲಿ ನಮ್ಮ ಭಾಷೇಲಿ ಒಂದ್ ರಿಹರ್ಸಲ್ ಆಗ್ಲಿ. ಮನೆ ಕಥೆ ಹೇಳು."

ನಾನು ಮೇಡಂ ಕಡೆ ನೋಡಿದೆ.

"ನಿನ್ನೆ ನೋಡಿದ್ದನ್ನ ಮಾಡು," ಎಂದರು. "ಇದ್ದಂಗ."

ಇದ್ದ ಹಾಗೆ ಮಾಡಿದೆ. ಕಪಾಟಾದೆ, ಋತ್ವಿಕನಾದೆ, ಬಾಗಿಲ ಹೊರಗೆ ಬೆಂಡೆಕಾಯಿ ಹಿಡಿದು ನಿಂತ ದಾಕ್ಷಾಯಣಿಯವರಾದೆ, ಅಕ್ಕಿ ಡಬ್ಬಿಯ ಇರ್ಫಾನನೂ ಆದೆ. ಸ್ಕಂದ ಮೇಜು ಗುದ್ದಿ ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅಕ್ಕಿ ಡಬ್ಬೀಲಿ! ಅಯ್ಯೋ, ಸಾಕು ಮಾರಾಯಾ!" ಎಂದವರು ತಟ್ಟನೆ ನಗು ನಿಲ್ಲಿಸಿದರು. ಕನ್ನಡಕ ಕೈಯಲ್ಲೇ ಉಳಿಯಿತು.

"ಒಂದ್ ನಿಮಿಷ. ಎಷ್ಟು ಮನೇಲಿ ಸಿಮ್ ಹಾಕಿದ್ರು?"

"ಯಾರ ಮನ್ಯಾಗೂ ಹಾಕಿರ್ಲಿಲ್ರೀ ಸರ್," ಎಂದರು ಮೇಡಂ. ಲಾಕರಿನ ವಿಷಯ ಹೇಳಿದರು. ನಿಯಮ ಯಾರದೆಂದು ಹೇಳಲಿಲ್ಲ, ತಪ್ಪು ನಮ್ಮದೂ ಹೌದು ಎಂದರು.



ಸ್ಕಂದ ಕನ್ನಡಕ ಹಾಕಿಕೊಂಡರು. "ಸರಿ. ಸಿಮ್ ಬೇಡ ಅನ್ನೋಣ. ಕಿತ್ತುಹಾಕಿ, ಬೆಲೆ ಇಳಿಸಿ, ಕೈಲಿ ಹಿಡ್ಕೊಂಡು ಆಡೋ ಪೆಟ್ಟಿಗೆ ಅಂತ್ಲೇ ಮಾರಿದ್ರೆ?"

"ಹೊಕ್ಕೈತ್ರೀ. ಚಲೋ ಹೊಕ್ಕೈತಿ. ಜನಕ್ಕ ಬೇಕಾಗಿದ್ದ ಅದು."

ನಾನು ಕುರ್ಚಿಯಿಂದ ಅರ್ಧ ಎದ್ದುಬಿಟ್ಟೆ. ಗೆದ್ದೆವು! ಆದರೆ ಸ್ಕಂದ ಅವರ ಮುಖ ಬಿಳಿಚಿಕೊಂಡಿತ್ತು. ಅವರು ಆ ಪ್ರಶ್ನೆ ಕೇಳಿದ್ದು ಮಾರಾಟವಾಗುವುದಿಲ್ಲ ಎಂಬ ಉತ್ತರ ಬಯಸಿ.

"ಸಿಮ್ ತೆಗೆದ್ರೆ ಅದು ಫೋನ್ ವಿಭಾಗದ್ದಲ್ಲ, ಸುಪ್ರೀತಾ. ಪೆಟ್ಟಿಗೆ ವಿಭಾಗಕ್ಕೆ ಹೋಗುತ್ತೆ. ಅವರೀಗ ಪರೀಕ್ಷೆ ಎಲ್ಲಾ ಅವರ ಊರಲ್ಲೇ ಮಾಡ್ಕೋತಾರೆ. ನಿಮ್ಮ ಲ್ಯಾಬ್ ಇರಲ್ಲ. ನನ್ನ ವಿಭಾಗಾನೂ ಇರಲ್ಲ." ದನಿ ತಗ್ಗಿಸಿದರು. "ಸುಳ್ಳು ಹೇಳಿ ಅಂತಿಲ್ಲ. ತೊಂಬತ್ತೆರಡು ನಿಜ ತಾನೆ? ಅಷ್ಟೇ ಹೇಳಿ. ಮನೆ ಕಥೆ ಇನ್ನೊಂದ್ ಸಲ ನೋಡೋಣ. ಎರಡು ವರ್ಷದ ಕೆಲಸಕ್ಕೆ ಇವತ್ತೇ ಸಹಿ ಹಾಕ್ತೀನಿ."

ಗೋಡೆಯ ಮೇಲಿನ ಪರದೆಯಲ್ಲಿ ಚಕ್ರ ತಿರುಗತೊಡಗಿತು. ಹೆಡ್ ಆಫೀಸು ಬರುತ್ತಿತ್ತು. ಒಪ್ಪಿಕೊಳ್ಳಿ ಮೇಡಂ, ಒಪ್ಪಿಕೊಳ್ಳಿ ಎಂದು ನಾನು ಒಳಗೇ ಜಪಿಸಿದೆ.

ಮೇಡಂ ಮೇಜಿನ ಮೇಲಿದ್ದ ಒರಿಬಾ ಫೋನಿನ ಮೇಲೆ ಬೆರಳಿಟ್ಟರು. "ಸರ್, ಒಂದ ಮಾತು ಕೇಳ್ಲೇನು? ಇದರಾಗ ನಿಮ್ಮ ಸಿಮ್ ಐತೇನ್ರೀ?"

 ಆ ಫೋನನ್ನು ಮಾಡಿಸುತ್ತಿದ್ದ ಮನುಷ್ಯ, ಅದರ ಪೋಸ್ಟರಿಗೆ ಬಣ್ಣ ಆರಿಸಿದ ಮನುಷ್ಯ, ನಿಧಾನಕ್ಕೆ ಪ್ಯಾಂಟಿನ ಜೇಬಿಗೆ ಕೈ ಹಾಕಿ, ಸಾದಾ ಕಪ್ಪು ಫೋನೊಂದನ್ನು ತೆಗೆದು ಅದರ ಪಕ್ಕದಲ್ಲಿಟ್ಟರು. 

ಅಷ್ಟರಲ್ಲಿ ಪರದೆ ತೆರೆಯಿತು. ನಾಲ್ಕು ಮಂದಿ ತಲೆ ಬಾಗಿಸಿ ವಂದಿಸಿದರು. ಅವರು ತಲೆ ಎತ್ತುವ ಮೊದಲೇ ಸುಪ್ರೀತಾ ಮೇಡಂ ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳಿದರು, ಈ ಫೋನನ್ನು ಜನ ಕೊಳ್ಳುವುದಿಲ್ಲ. ಇದು ಫೋನಲ್ಲದಿದ್ದರೆ ಕೊಳ್ಳುತ್ತಾರೆ. ಸ್ಕಂದ ಕಣ್ಣು ಮುಚ್ಚಿಕೊಂಡರು. ತಡೆಯಲಿಲ್ಲ.

  ಪರದೆಯಲ್ಲಿದ್ದವರಲ್ಲಿ ಹಿರಿಯರೊಬ್ಬರು, ನೀವು ಕಂಡದ್ದನ್ನು ನಮಗೂ ತೋರಿಸಿ ಎಂದರು.

"ಗುರು," ಎಂದರು ಮೇಡಂ. ಅವರ ಕಿವಿಯಲ್ಲಿ ಇವತ್ತೂ ಒಂದೇ ಓಲೆಯಿರುವುದು ಆಗ ಕಂಡಿತು.

ನಾನು ಎದ್ದು ನಿಂತೆ. ಹನ್ನೊಂದು ಜನರ ಲ್ಯಾಬು ಮುಚ್ಚುವ ಕೆಲಸ ನನ್ನ ಬಾಯಿಯಿಂದಲೇ ಆಗಬೇಕಿತ್ತು, ಆ ಬಾಯಿಗೆ ಯಾರ ದನಿಯೂ ಬರಲಿಲ್ಲ. ಕಡೆಗೆ ನನ್ನದೇ ದನಿಯಲ್ಲಿ ಶುರು ಮಾಡಿದೆ. ಅದು ಇಷ್ಟು ಸಣ್ಣದೆಂದು ನನಗೆ ಗೊತ್ತೇ ಇರಲಿಲ್ಲ.