ರೆಕಾರ್ಡಿಗೆ ಇಟ್ಟ ಕುಂಕುಮ

ಕಾರು ಮಿಸಿಸಾಗ ಊರು ದಾಟಿದ ಮೇಲೂ ಮಾಲವಿಕಾ ತೊಡೆಯ ಮೇಲಿದ್ದ ಗ್ರಾಮಫೋನ್ ರೆಕಾರ್ಡನ್ನು ಕೆಳಗಿಡಲಿಲ್ಲ. ಆಯುಧಪೂಜೆಯ ದಿನ ಅಮ್ಮ ರಾಜೇಶ್ವರಿ ಕಾರು, ಮಿಕ್ಸಿ, ಲ್ಯಾಪ್‌ಟಾಪುಗಳ ಜೊತೆಗೆ ಪ್ಲೇಯರಿನ ಮೇಲಿದ್ದ ಈ ರೆಕಾರ್ಡಿಗೂ ನೀರಲ್ಲಿ ಕಲಸಿದ ಕುಂಕುಮ ಇಟ್ಟಿದ್ದಳು. ಮಾಲವಿಕಾ ಒದ್ದೆ ಬಟ್ಟೆಯಿಂದ ಒರೆಸಿದಳು. ಕುಂಕುಮ ಗೆರೆಗಳೊಳಗೆ ಇಳಿದು ಕೂತಿತು.

ರೆಕಾರ್ಡು ಪಕ್ಕದೂರು ಎಟೋಬಿಕೋದ ಶ್ರೀಕಾಂತ್ ಅಂಕಲ್‌ದು. ಹುಬ್ಬಳ್ಳಿ ಕಡೆಯ ಎಂಜಿನಿಯರ್, ಈಗ ನಿವೃತ್ತರು. ಲೀಡ್ಸ್‌ನಲ್ಲಿ ಓದುವಾಗ ಕೊಂಡದ್ದು. ಸ್ಲೇಟ್ ಗಾರ್ಡನ್ಸ್ ಎಂಬ ಬ್ರಿಟಿಷ್ ಆಲ್ಟರ್ನೇಟಿವ್ ರಾಕ್ ತಂಡದ ಮೂರನೇ ಆಲ್ಬಮ್. ಮೊದಲೆರಡನ್ನು ಹೊಗಳಿದವರು ಇದನ್ನು ಕೇಳಲೇ ಇಲ್ಲ. ಕಂಪನಿ ಮತ್ತೆ ಹೊರತರಲಿಲ್ಲ, ಇಂಟರ್ನೆಟ್ಟಿನಲ್ಲೂ ಸಿಗುವುದಿಲ್ಲ. ಕಾಲೇಜು ರೇಡಿಯೋದಲ್ಲಿ ಮಾಲವಿಕಾ ನಡೆಸುವ ಕಾರ್ಯಕ್ರಮ ನಿಂತಿರುವುದೇ ಇಂಥ ಮರೆತ ಆಲ್ಬಮ್‌ಗಳ ಮೇಲೆ, ಅಂದರೆ ಅಂಕಲ್ ಕಪಾಟಿನ ಮೇಲೆ. ಒಂದನ್ನು ವಾಪಸು ಕೊಟ್ಟರೆ ಇನ್ನೊಂದು ಸಿಗುತ್ತದೆ. ನಿನ್ನೆ ಅವರು ಫೋನಿನಲ್ಲಿ "ರೆಕಾರ್ಡ್ ಹೆಂಗ ಅದವ್ವಾ?" ಎಂದಾಗ "ಫೈನ್ ಅಂಕಲ್" ಎಂದುಬಿಟ್ಟಿದ್ದಳು.

"ಅಮ್ಮಾ, ನೀನು ಕಾರಲ್ಲೇ ಇರು. ಟೂ ಮಿನಿಟ್ಸ್, ಕೊಟ್ಟು ಬರ್ತೀನಿ."

"ಚಕ್ಕುಲಿ ಡಬ್ಬೀನ ಬಾಗಿಲಲ್ಲಿ ಕೊಟ್ಟು ಓಡೋಕೆ ನಾನೇನು ಪಿಜ್ಜಾ ಹುಡುಗನಾ?"

ಅಂಕಲ್ ಮನೆಯ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಮುಂದಿನ ರೆಕಾರ್ಡು ತಯಾರಾಗಿತ್ತು. ಮಾಲವಿಕಾ ಅದನ್ನು ನೋಡಿದಳು. ತಂದ ರೆಕಾರ್ಡನ್ನು ಅಂಕಲ್ ಕೈಗಿಟ್ಟಳು.

"ಬರ್ರಿ ಬರ್ರಿ. ಎರಡನೇ ಸೈಡಿನ ಹಾಡು ಹಚ್ಚತೀನಿ, ನೀವೂ ಕೇಳ್ರಿ," ಎಂದರು ಅವರು ಅಮ್ಮನಿಗೆ.

"ಇದಕ್ಕೆ ನಾನೇ ಪೂಜೆ ಮಾಡಿದೀನಿ," ಎಂದಳು ಅಮ್ಮ. "ವೀಣೆಗೆ ಇಡ್ತೀವಲ್ಲ, ಹಾಗೇ ಕುಂಕುಮ ಇಟ್ಟೆ."

ಅಂಕಲ್ ರೆಕಾರ್ಡನ್ನು ಕವರಿನಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಈಗ ಮಾಲವಿಕಾ ಏನು ಹೇಳಿದರೂ ಅಮ್ಮನನ್ನು ಎದುರಿಗೇ ದೂರಿದಂತಾಗುತ್ತಿತ್ತು. ಅಂಕಲ್ ಅದನ್ನು ಪ್ಲೇಯರಿಗೆ ಹಾಕಿ ಮುಳ್ಳು ಇಳಿಸಿದರು.

ಮೊದಲ ಹಾಡು ಸರಿಯಾಗಿ ಮುಗಿಯಿತು. ಎರಡನೆಯದರಲ್ಲಿ ಚಟಪಟ ಸದ್ದು ಶುರುವಾಯಿತು. ಮೂರನೆಯದರ ನಡುವೆ ಹಾಡುಗಾರ ಒಂದೇ ಪದದಲ್ಲಿ ಸಿಕ್ಕಿಕೊಂಡ. ಅದನ್ನೇ ಹೇಳಿದ, ಮತ್ತೆ ಅದನ್ನೇ, ಮತ್ತೆ ಅದನ್ನೇ.

"ಈ ಹಾಡು ಹೀಗೇನಾ ಇರೋದು?" ಅಮ್ಮ ಕೇಳಿದಳು.

ಅಂಕಲ್ ಮುಳ್ಳು ಎತ್ತಿದರು. "ಹೂಂ ರೀ. ಹಂಗ ಅದ."

"ಅದಕ್ಕೇ ಯಾರೂ ಕೇಳಿಲ್ಲ ಬಿಡಿ."

"ಚಕ್ಕುಲಿ ಛಲೋ ಆಗ್ಯಾವ," ಎಂದರು ಅವರು.

ಹೊರಡುವಾಗ ಅಮ್ಮ ಕಾರು ಸ್ಟಾರ್ಟ್ ಮಾಡಲು ಮುಂದೆ ಹೋದಳು. ಮಾಲವಿಕಾ ಶೂ ಹಾಕಿಕೊಳ್ಳುತ್ತ ಬೇಕೆಂದೇ ತಡ ಮಾಡಿದಳು.

"ಅಂಕಲ್, ಸಾರಿ. ಅಮ್ಮನಿಗೆ ಗೊತ್ತಾಗಲಿಲ್ಲ."

"ಅವರಿಗೆ ಗೊತ್ತಿರಲಿಲ್ಲ. ಫೋನಿನ್ಯಾಗ ಕೇಳಿದಾಗ ನಿನಗ ಗೊತ್ತಿತ್ತಲ್ಲ."

ಅವರು ಸ್ಟೂಲಿನ ಮೇಲಿದ್ದ ರೆಕಾರ್ಡು ತೆಗೆದುಕೊಂಡು ಒಳಗೆ ಹೋದರು. ಕಪಾಟಿನ ಬಾಗಿಲು ಮುಚ್ಚಿದ ಸದ್ದಾಯಿತು. ತಿರುಗಿ ಬಂದು ತೊಳೆದ ಚಕ್ಕುಲಿ ಡಬ್ಬಿಯನ್ನು ಅವಳ ಕೈಗಿಟ್ಟರು. ಖಾಲಿ ಕೊಡಬಾರದೆಂದು ಅದರಲ್ಲಿ ಒಂದಿಷ್ಟು ಸಕ್ಕರೆ ಹಾಕಿದ್ದರು.